ಸ್ಟ್ರೋಕ್ ಆಗಿ ಏಳು ತಿಂಗಳು. ಅಪ್ಪ ನಡೆಯುತ್ತಾರೆ, ಆದರೆ "ಎಂತದೂ ಬೇಡ" ಅಂತಾರೆ. ಇದು ಉದಾಸೀನವಾ?

ತೋಟದಮನೆ (ಬದಿಯಡ್ಕ ಹತ್ತಿರ)
ಆದಿತ್ಯವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಸರ ಮಾಡಬೇಡಿ.

ಅಪ್ಪನಿಗೆ 66 ವರ್ಷ. ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು ಹಾಗೇ ಕುಸಿದು ಕೂತರು. ಬಲಗೈ ಮೇಲೆ ಬರಲಿಲ್ಲ, ಮಾತು ತೊದಲಿತು. ಕೂಡಲೇ ಮಂಗಳೂರಿಗೆ ಕರೆದುಕೊಂಡು ಹೋದೆವು. ಮೆದುಳಿನ ಎಡಬದಿಯ ರಕ್ತನಾಳ ಕಟ್ಟಿದೆ ಎಂದರು. 11 ದಿನ ಆಸ್ಪತ್ರೆಯಲ್ಲಿದ್ದೆವು. ಜೀವ ಉಳಿಯಿತು, ಮಾತು ಸುಮಾರಾಗಿ ಬಂತು.

ಮನೆಗೆ ಬಂದ ಮೊದಲ ಎರಡು ತಿಂಗಳು ಅಪ್ಪನಿಗೆ ಭಾರೀ ಛಲ ಇತ್ತು. ಹೇಳಿದ ವ್ಯಾಯಾಮ ಎಲ್ಲ ಮಾಡುತ್ತಿದ್ದರು. ಮಾರ್ಚಿನ ಹೊತ್ತಿಗೆ ಏನೋ ಬದಲಾಯಿತು. ಈಗ ಕೋಲು ಹಿಡಿದು ಜಗಲಿಯಿಂದ ಬಚ್ಚಲಿನ ತನಕ ಒಬ್ಬರೇ ಹೋಗುತ್ತಾರೆ, ಆದರೆ ಹೋಗಿ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಅಮ್ಮ ಕಾಫಿ ಇಟ್ಟರೆ ಅದು ಕೆನೆ ಕಟ್ಟಿ ತಣ್ಣಗಾಗುವ ತನಕ ಹಾಗೇ ಇರುತ್ತದೆ. ಎಡಗೈಗೆ ಸಿಗುವ ಹಾಗೇ ಇಟ್ಟಿರುತ್ತಾರೆ, ಕೈ ಚಾಚುವುದಿಲ್ಲ ಅಷ್ಟೇ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತದೆ, ಮತ್ತೆ ನಿದ್ರೆ ಇಲ್ಲ. ಪೇಪರ್ ಮುಟ್ಟುವುದಿಲ್ಲ. ಮೊದಲು ದಿನಾ ಅಡಿಕೆ ರೇಟು ನೋಡದೆ ತಿಂಡಿ ತಿನ್ನುತ್ತಿರಲಿಲ್ಲ. ಈ ಸಲ ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡುವ ಜನ ಬಂದಾಗ "ಅಪ್ಪಾ, ಮೈಲುತುತ್ತು ಎಷ್ಟು ತರಿಸುವುದು?" ಅಂತ ಕೇಳಿದೆ. "ನಿನಗೆ ತೋರಿದ ಹಾಗೆ ಮಾಡು" ಅಂದರು. ನಲವತ್ತು ವರ್ಷ ಆ ಲೆಕ್ಕ ಬೇರೆಯವರ ಕೈಗೆ ಕೊಟ್ಟವರಲ್ಲ.

ಫಿಸಿಯೋ ಮಾಡುವವರು ಎರಡು ಸಲ ಗೇಟಿನಿಂದಲೇ ವಾಪಸ್ ಹೋದರು. ಚಿಕ್ಕಪ್ಪ "ಅವನಿಗೆ ಉದಾಸೀನ, ಅಷ್ಟೇ" ಅಂತಾರೆ. ನಮ್ಮಲ್ಲಿ ಸೋಮಾರಿತನಕ್ಕೆ ಆ ಮಾತು ಹೇಳುವುದು ನಿಮಗೆಲ್ಲ ಗೊತ್ತಲ್ಲ. ನಾನೂ ಕಳೆದ ವಾರ ಸಿಟ್ಟಿನಲ್ಲಿ ಅದನ್ನೇ ಹೇಳಿಬಿಟ್ಟೆ. ಅಪ್ಪ ಒಂದು ಮಾತೂ ಆಡಲಿಲ್ಲ. ಕಣ್ಣು ಮುಚ್ಚಿದರು. ಅವತ್ತಿನಿಂದ ನನಗೆ ನಿದ್ರೆ ಸರಿ ಇಲ್ಲ.

ನಮ್ಮದು ಕೇರಳದ ಕಾಸರಗೋಡು. ಪಂಚಾಯತಿನ ಪ್ಯಾಲಿಯೇಟಿವ್ ಸಿಸ್ಟರ್ (ದೀರ್ಘ ಕಾಯಿಲೆಯವರನ್ನು ಮನೆಗೆ ಬಂದು ನೋಡುವ ನರ್ಸ್) ತಿಂಗಳಿಗೊಮ್ಮೆ ಬರುತ್ತಾರೆ. ಒಳ್ಳೆಯವರು. ಬಿ.ಪಿ. ನೋಡಿ "ಸುಖಮಾಣೋ?" ಅಂತ ಮಲಯಾಳದಲ್ಲಿ ಕೇಳುತ್ತಾರೆ. ಅಪ್ಪ "ಸುಖಂ" ಅಂತ ತಲೆ ಆಡಿಸುತ್ತಾರೆ. ಅಪ್ಪನಿಗೆ ಬರುವ ಮಲಯಾಳ ಅಷ್ಟೇ. ಪುಸ್ತಕದಲ್ಲಿ ಹಾಗೇ ಬರೆದು ಹೋಗುತ್ತಾರೆ.

ಇದು ಸ್ಟ್ರೋಕಿನದ್ದೇ ಭಾಗವಾ? ಯಾರನ್ನು ಕೇಳುವುದು? ಗೊತ್ತಿದ್ದವರು ಹೇಳಿ.

ಸೀತಾಂಗೋಳಿ ಅಕ್ಕ
ಆದಿತ್ಯವಾರ, ರಾತ್ರಿ 10:52

ತಮ್ಮಾ, ನಿನ್ನ ಬರಹ ಓದಿ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಾಲ್ಕು ವರ್ಷದ ಹಿಂದೆ ಅತ್ತೆಗೆ ಆಗಿತ್ತು. ನಮ್ಮಲ್ಲಿ ಮನೆಮಾತು ತುಳು. ಎಂತ ಕೇಳಿದರೂ "ಎಂಕ್ ದಾಲ ಬೊಡ್ಚಿ" (ನನಗೆ ಎಂತದೂ ಬೇಡ) ಅಂತ ಒಂದೇ ಉತ್ತರ. ಊಟ ಬೇಡ, ಸ್ನಾನ ಬೇಡ, ಮೊಮ್ಮಕ್ಕಳು ಬರುವುದೂ ಬೇಡ.

ನಾವು ವಯಸ್ಸು ಅಂದುಕೊಂಡೆವು. ಮತ್ತೆ ಹೊಟ್ಟೆಯ ತೊಂದರೆ ಅಂದುಕೊಂಡೆವು, ಯಾಕೆಂದರೆ ತುಂಬಾ ತೂಕ ಇಳಿದಿತ್ತು. ಸ್ಕ್ಯಾನ್ ಮಾಡಿಸಿದೆವು, ಹೊಟ್ಟೆಗೆ ಟ್ಯೂಬ್ ಇಳಿಸಿ ನೋಡಿಸಿದೆವು. ಎಲ್ಲ ಸರಿ ಉಂಟು ಅಂದರು. ಕೊನೆಗೆ ಒಬ್ಬ ಸಣ್ಣ ಪ್ರಾಯದ ಡಾಕ್ಟ್ರು ನನ್ನನ್ನು ಹೊರಗೆ ಕರೆದು "ಇವರಿಗೆ ಮೊದಲು ಎಂತ ಇಷ್ಟ ಇತ್ತು?" ಅಂತ ಕೇಳಿದರು. ಮಲ್ಲಿಗೆ ಕಟ್ಟುವುದು ಅಂದೆ. "ಈಗ ಮಲ್ಲಿಗೆ ತಂದು ಕೊಟ್ಟರೆ?" ಅಂದರು. ತಂದು ಮಡಿಲಿಗೆ ಇಟ್ಟಿದ್ದೆ ತಮ್ಮಾ. ಅದು ಅಲ್ಲೇ ಬಾಡಿ ಹೋಗಿತ್ತು. ಅದನ್ನು ಹೇಳುವಾಗ ನನಗೆ ಅಳು ಬಂತು.

ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಹೀಗೆ ಆಗುತ್ತದೆ, ಇದು ಖಿನ್ನತೆ (ಡಿಪ್ರೆಶನ್) ಅನ್ನುವ ಕಾಯಿಲೆ, ಮದ್ದು ಉಂಟು ಅಂತ ಅವರೇ ಹೇಳಿದ್ದು. ಐದು ತಿಂಗಳು ನಾವು ಸುಮ್ನೆ ಕಳೆದಿದ್ದೆವು. ನೀನು ಕಳೆಯಬೇಡ.

ನೀರ್ಚಾಲು 72
ಸೋಮವಾರ, ಬೆಳಿಗ್ಗೆ 6:30

ನನ್ನ ಅಭಿಪ್ರಾಯ ಬೇರೆ ಉಂಟು, ತಪ್ಪು ತಿಳಿಯಬೇಡಿ. 2009ರಲ್ಲಿ ನಮ್ಮ ತಂದೆಗೂ ಒಂದು ಬದಿ ಬಿದ್ದು ಹೋಗಿತ್ತು. ನಾವು ಎಣ್ಣೆ ಹಚ್ಚಿ ಉಜ್ಜಿಸಿದೆವು, ದಿನಾ ಸ್ವಲ್ಪ ಸ್ವಲ್ಪ ಕೆಲಸ ಕೊಟ್ಟೆವು. ಸರಿಯಾದರು. ಕೈಕಾಲು ಹೋದ ಮನುಷ್ಯನಿಗೆ ಬೇಸರ ಆಗದೆ ಇರುತ್ತದಾ? ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಈ ಮಾನಸಿಕದ ಮಾತ್ರೆ ಶುರು ಮಾಡಿದರೆ ದಿನವಿಡೀ ನಿದ್ರೆ, ಮತ್ತೆ ಬಿಡಲಿಕ್ಕೆ ಆಗುವುದಿಲ್ಲ. ಊರಿನವರ ಬಾಯಿಗೂ ಬೀಳುತ್ತೇವೆ. ಅವಸರ ಮಾಡಬೇಡಿ.

ಮಂಜೇಶ್ವರ ಫಿಸಿಯೋ
ಸೋಮವಾರ, ಮಧ್ಯಾಹ್ನ 1:20

ನೀರ್ಚಾಲಿನ ಅಣ್ಣ, ನಿಮ್ಮ ತಂದೆಗೆ ಗುಣವಾದದ್ದು ಸಂತೋಷ. ಆದರೆ ಹನ್ನೆರಡು ವರ್ಷದಿಂದ ಮನೆಮನೆಗೆ ಹೋಗಿ ಫಿಸಿಯೋ ಮಾಡುವವಳಾಗಿ ಒಂದು ಮಾತು ಹೇಳುತ್ತೇನೆ. ಬೇಸರ ಎಲ್ಲರಿಗೂ ಆಗುತ್ತದೆ. ಬೇಸರ ಆದವರು ಮಗಳು ಫೋನ್ ಮಾಡಿದರೆ ಮುಖ ಅರಳಿಸುತ್ತಾರೆ, ಮೀನು ಸಾರು ಮಾಡಿದರೆ ಎರಡು ತುತ್ತು ಜಾಸ್ತಿ ಉಣ್ಣುತ್ತಾರೆ. ಈ ಕಾಯಿಲೆ ಆದವರಿಗೆ ಯಾವುದೂ ಒಳಗೆ ಇಳಿಯುವುದಿಲ್ಲ. ವಾರ ಎರಡು ವಾರ ಕಳೆದರೂ ಹಾಗೇ ಇರುತ್ತಾರೆ.

ಮೊದಮೊದಲು ನನಗೂ ಇದು ಗೊತ್ತಿರಲಿಲ್ಲ. ವ್ಯಾಯಾಮ ಮಾಡದವರನ್ನು ನಾನೂ ಗದರಿಸಿದ್ದೇನೆ. ಈಗ ನೆನೆದರೆ ನೋವಾಗುತ್ತದೆ. ಸ್ಟ್ರೋಕ್ ಆದ ಮೊದಲ ಮೂರರಿಂದ ಆರು ತಿಂಗಳಲ್ಲೇ ಕೈಕಾಲಿನ ಶಕ್ತಿ ಜಾಸ್ತಿ ಮರಳುವುದು. ಆಮೇಲೂ ಬರುತ್ತದೆ, ನಿಧಾನವಾಗಿ. ಆ ಹೊತ್ತಿನಲ್ಲೇ ಮನಸ್ಸು ಕುಸಿದರೆ ಕೈಯೂ ಹಿಂದೆ ಬೀಳುತ್ತದೆ. ಹಾಗಾಗಿ ಈಗ ಯಾರಾದರೂ ಎರಡು ಸಲ "ಬೇಡ" ಅಂದರೆ, ಮೂರನೇ ಸಲ ನಾನು ಕೈ ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತು ನಿದ್ರೆ ಹೇಗೆ ಉಂಟು, ಊಟ ಸೇರುತ್ತದಾ ಅಂತ ಕೇಳುತ್ತೇನೆ.

ತೋಟದಮನೆಯವರೇ, ನಿಮ್ಮಲ್ಲಿಗೆ ಬರುವವರಿಗೂ ಇದನ್ನು ಹೇಳಿ. ಗೇಟಿನಿಂದ ವಾಪಸ್ ಕಳಿಸಬೇಡಿ. ಹತ್ತು ನಿಮಿಷ ಕೂತು ಹೋಗಲಿ.

ಮನೋವೈದ್ಯ (ಮೂಲ ಮುಳ್ಳೇರಿಯ)
ಸೋಮವಾರ, ರಾತ್ರಿ 9:05

ನಾನು ಮನೋವೈದ್ಯ. ಇಲ್ಲಿ ನೋಡಿಯೇ ಯಾರಿಗೂ ರೋಗ ಹೇಳಲು ಆಗುವುದಿಲ್ಲ, ಮಾತ್ರೆಯ ಪ್ರಮಾಣವನ್ನೂ ಹೇಳುವುದಿಲ್ಲ. ಆದರೆ ತೋಟದಮನೆಯವರು ಬರೆದದ್ದನ್ನು ಓದಿದರೆ, ಅಪ್ಪನನ್ನು ಈ ವಾರವೇ ಡಾಕ್ಟರಿಗೆ ತೋರಿಸಿ ಅಂತ ಗಟ್ಟಿಯಾಗಿ ಹೇಳುತ್ತೇನೆ.

ಸ್ಟ್ರೋಕ್ ಅಂದರೆ ಮೆದುಳಿಗೇ ಆದ ಗಾಯ. ಕೈ ಆಡಿಸುವ ಜಾಗಕ್ಕೆ ಗಾಯ ಆದರೆ ಕೈ ನಿಲ್ಲುತ್ತದೆ. ಹುರುಪು, ನಿದ್ರೆ, ಹಸಿವು, ಸಂತೋಷ ಇವನ್ನೆಲ್ಲ ನಡೆಸುವ ನರಗಳ ಜಾಲವೂ ಅಲ್ಲೇ ಉಂಟು. ಅದಕ್ಕೆ ಪೆಟ್ಟು ಬಿದ್ದರೆ ಮನಸ್ಸು ನಿಲ್ಲುತ್ತದೆ. ಇದರ ಮೇಲೆ, ನಿನ್ನೆಯ ತನಕ ತೋಟ ಸುತ್ತಿದವನು ಇವತ್ತು ಚಡ್ಡಿ ಹಾಕಿಕೊಳ್ಳಲೂ ಇನ್ನೊಬ್ಬರನ್ನು ಕರೆಯಬೇಕಾದ ಸಂಕಟ. ಎರಡೂ ಸೇರುತ್ತವೆ. ಮೆದುಳಿನ ಎಡ ಮುಂಭಾಗಕ್ಕೆ ಪೆಟ್ಟಾದವರಿಗೇ ಖಿನ್ನತೆ ಜಾಸ್ತಿ ಅಂತ ಮೊದಲು ನಂಬಿದ್ದರು. ಆಮೇಲೆ ಎಲ್ಲ ಅಧ್ಯಯನ ಸೇರಿಸಿ ನೋಡಿದಾಗ ಅದು ನಿಲ್ಲಲಿಲ್ಲ. ಯಾವ ಬದಿಗೆ ಆದವರಿಗೂ ಬರಬಹುದು. ಹಿಂದೆ ಖಿನ್ನತೆ ಆಗಿದ್ದವರು, ಜಾಸ್ತಿ ಅಂಗ ಊನ ಆದವರು, ಮಾತು ಹೋದವರು, ಒಂಟಿಯಾದವರು, ಇವರಿಗೆ ಅಪಾಯ ಹೆಚ್ಚು. ಮೊದಲ ವರ್ಷ ಪೂರ್ತಿ ಕಣ್ಣಿಡಬೇಕು. ಆಸ್ಪತ್ರೆಯಿಂದ ಬಿಡುಗಡೆ ಆಗುವಾಗ ನಗುತ್ತಾ ಇದ್ದವರು ನಾಲ್ಕನೇ ತಿಂಗಳಿಗೆ ಕುಸಿಯುವುದು ನಾನು ತುಂಬಾ ನೋಡಿದ್ದೇನೆ.

ಮನೆಯವರಿಗೆ ಗೊಂದಲ ಆಗುವ ಬೇರೆ ಎರಡು ಸಂಗತಿ ಉಂಟು. ಕೆಲವರು ಮೊಮ್ಮಗುವನ್ನು ನೋಡಿದ ಕೂಡಲೇ ಗೊಳೋ ಅಂತ ಅಳುತ್ತಾರೆ, ಒಂದೇ ನಿಮಿಷದಲ್ಲಿ ನಿಲ್ಲುತ್ತದೆ. "ದುಃಖ ಆಯಿತಾ?" ಅಂದರೆ "ಇಲ್ಲ" ಅಂತಾರೆ. ಅದು ಅಳುವಿನ ಮೇಲಿನ ಹಿಡಿತ ತಪ್ಪಿದ್ದು, ಖಿನ್ನತೆ ಬೇರೆ. ಅದಕ್ಕೂ ಮದ್ದು ಉಂಟು. ಆ ಹೊತ್ತಿಗೆ ಸಮಾಧಾನ ಮಾಡಲು ಹೋಗದೆ ಮಾತು ಬೇರೆ ಕಡೆ ತಿರುಗಿಸಿ. ಇನ್ನು ಕೆಲವರಿಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ, ಕಲ್ಲಿನ ಹಾಗೆ ಕೂತಿರುತ್ತಾರೆ. ಅದು ಬರೀ ನಿರಾಸಕ್ತಿ. ಸ್ಟ್ರೋಕಿನ ನಂತರದ ಸುಸ್ತು ಇನ್ನೊಂದು, ಅದು ತಿಂಗಳುಗಟ್ಟಲೆ ಇರುತ್ತದೆ. ಇದನ್ನೆಲ್ಲ ಬಿಡಿಸಿ ನೋಡಬೇಕು. ಸೋಡಿಯಂ, ಥೈರಾಯ್ಡ್ ಕೂಡ ಒಮ್ಮೆ ನೋಡಿಸಬೇಕು. ಅದಕ್ಕೇ ಡಾಕ್ಟರು ಬೇಕಾಗುವುದು.

ಮಾತ್ರೆಯ ಬಗ್ಗೆ. ಸಾಮಾನ್ಯವಾಗಿ ಕೊಡುವ ಸರ್ಟ್ರಾಲಿನ್, ಎಸಿಟಲೋಪ್ರಾಮ್ ಇವು ನಿದ್ರೆ ಮಾತ್ರೆ ಅಲ್ಲ, ನಶೆ ಹಿಡಿಸುವುದಿಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಗೊತ್ತಾಗಲು ಆರೆಂಟು ವಾರ ಬೇಕು. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ. ಒಮ್ಮೆಲೇ ನಿಲ್ಲಿಸಬಾರದು. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚುತ್ತದೆ, ಪ್ರಾಯ ಆದವರಿಗೆ ಸೋಡಿಯಂ ಇಳಿಯಬಹುದು. ಆದ್ದರಿಂದ ಈಗ ತೆಗೆದುಕೊಳ್ಳುವ ಮಾತ್ರೆ ಎಲ್ಲ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಹಚ್ಚುವ ಎಣ್ಣೆ ಇದ್ದರೆ ಅದನ್ನೂ.

ಮಾತಿನ ಚಿಕಿತ್ಸೆಯೂ ಕೆಲಸ ಮಾಡುತ್ತದೆ. ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡಿ ಮಾಡಿಸುವುದು ಅದರದ್ದೇ ಭಾಗ. ನೀರ್ಚಾಲಿನವರು ಕೆಲಸ ಕೊಟ್ಟದ್ದು ಸರಿಯೇ. ಅಷ್ಟಕ್ಕೇ ಏಳಲಾಗದವರು ಇರುತ್ತಾರೆ ಅಂತ ಮಾತ್ರ ಹೇಳುತ್ತಿದ್ದೇನೆ.

ನೀರ್ಚಾಲು 72
ಮಂಗಳವಾರ, ಬೆಳಿಗ್ಗೆ 7:10

ಡಾಕ್ಟ್ರೇ, ವಿವರವಾಗಿ ಬರೆದಿರಿ, ಉಪಕಾರ ಆಯಿತು. ಒಂದು ಪ್ರಶ್ನೆ. ಇಂಥ ಮಾತ್ರೆ ಕೊಟ್ಟರೆ ಕೈಕಾಲೂ ಬೇಗ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಒಬ್ಬರು ಕಳಿಸಿದ್ದಾರೆ. ಹಾಗಾದರೆ ಸ್ಟ್ರೋಕ್ ಆದವರಿಗೆಲ್ಲ ಮೊದಲ ದಿನದಿಂದಲೇ ಕೊಡಬಹುದಲ್ಲ?

ಮನೋವೈದ್ಯ (ಮೂಲ ಮುಳ್ಳೇರಿಯ)
ಮಂಗಳವಾರ, ಮಧ್ಯಾಹ್ನ 2:40

2011ರಲ್ಲಿ ಫ್ರಾನ್ಸಿನಲ್ಲಿ 118 ಮಂದಿಯ ಮೇಲೆ ಒಂದು ಪರೀಕ್ಷೆ ನಡೆದಿತ್ತು. ಇದೇ ಬಗೆಯ ಫ್ಲುಯಾಕ್ಸೆಟಿನ್ ಮಾತ್ರೆ ಕೊಟ್ಟವರಿಗೆ ಕೈಕಾಲು ಚೆನ್ನಾಗಿ ಬಂತು ಅಂತ ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಬ್ರಿಟನ್ನಿನಲ್ಲಿ 3,127 ಮಂದಿಯ ಮೇಲೆ ದೊಡ್ಡ ಪರೀಕ್ಷೆ ಮಾಡಿದರು, 2018ರಲ್ಲಿ ಫಲಿತಾಂಶ ಬಂತು. ಕೈಕಾಲಿಗೆ ಪ್ರಯೋಜನ ಆಗಲಿಲ್ಲ. ಖಿನ್ನತೆ ಬರುವುದು ಸ್ವಲ್ಪ ಕಡಿಮೆಯಾಯಿತು, ಆದರೆ ಮೂಳೆ ಮುರಿಯುವುದು ಜಾಸ್ತಿಯಾಯಿತು. 2020ರಲ್ಲಿ ಇನ್ನೆರಡು ಪರೀಕ್ಷೆಗಳೂ ಅದನ್ನೇ ಹೇಳಿದವು. ಹಾಗಾಗಿ ಎಲ್ಲರಿಗೂ ಕೊಡುವುದಿಲ್ಲ. ಖಿನ್ನತೆ ಇದ್ದವರಿಗೆ, ಅದಕ್ಕಾಗಿಯೇ ಕೊಡುತ್ತೇವೆ.

ಕುಂಬಳೆ ಮಾಷ್ಟ್ರು
ಮಂಗಳವಾರ, ರಾತ್ರಿ 8:30

ಎಡಗೈಯ ಒಂದೇ ಬೆರಳಲ್ಲಿ ಟೈಪ್ ಮಾಡುವುದು. ನಿಧಾನ. ತಪ್ಪಿದ್ದರೆ ತಿದ್ದಿ ಓದಿ.

ನಾನು ಸ್ಟ್ರೋಕ್ ಆದವನು. ಆರು ವರ್ಷ ಆಯಿತು. ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದ್ದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು. ತಾಳಮದ್ದಳೆಯಲ್ಲಿ (ವೇಷ ಇಲ್ಲದೆ ಕೂತು ಮಾಡುವ ಯಕ್ಷಗಾನ) ಅರ್ಥ ಹೇಳುತ್ತಿದ್ದೆ. ಕರ್ಣನ ಅರ್ಥ ಅಂದರೆ ನನ್ನನ್ನೇ ಕರೆಯುತ್ತಿದ್ದರು. ಒಂದೇ ಪದ್ಯಕ್ಕೆ ಮುಕ್ಕಾಲು ಗಂಟೆ ಮಾತಾಡುತ್ತಿದ್ದ ಬಾಯಿ.

ಸ್ಟ್ರೋಕ್ ಆದ ಮೇಲೆ "ನೀರು" ಅಂತ ಹೇಳಲು ಬರಲಿಲ್ಲ. ಒಳಗೆ ಮಾತು ಪೂರ್ತಿ ಇತ್ತು. ಬಾಗಿಲು ಮಾತ್ರ ತೆರೆಯುವುದಿಲ್ಲ. ನೋಡಲು ಬಂದವರಿಗೆ ಮನೆಯವರು "ಇವರಿಗೆ ಈಗ ಎಂತದೂ ಗೊತ್ತಾಗುವುದಿಲ್ಲ" ಅಂತ ಹೇಳುತ್ತಿದ್ದರು. ನನ್ನ ಎದುರೇ. ಎಲ್ಲ ಗೊತ್ತಾಗುತ್ತಿತ್ತು. ಜಾಗೆಯ ಪಾಲಿನ ಮಾತೂ ಕೇಳಿಸಿತು.

ಖಿನ್ನತೆ ಅನ್ನುವ ಶಬ್ದವನ್ನು ಮಕ್ಕಳಿಗೆ ಎಷ್ಟೋ ಸಲ ಅರ್ಥ ಬರೆಸಿದ್ದೆ. ಅದು ಹೇಗಿರುತ್ತದೆ ಅಂತ ಆಗ ಗೊತ್ತಾಯಿತು. ದುಃಖ ಅಂತ ಅನಿಸುವುದಿಲ್ಲ. ಕೈ ಎತ್ತಬೇಕು ಅಂತ ಗೊತ್ತು, ಆದರೆ ಎತ್ತಿ ಎಂತ ಆಗಬೇಕು ಅಂತ ಒಳಗಿನಿಂದ ಒಂದು ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದಿಲ್ಲ. ಆಗ ಮಗ ಬಂದು "ಅಪ್ಪಾ, ಸ್ವಲ್ಪ ಪ್ರಯತ್ನ ಮಾಡಿ" ಅಂತಾನೆ. ಅವನಿಗೆ ಬಾವಿಯ ಆಳ ಕಾಣುವುದಿಲ್ಲ. ಅವನ ತಪ್ಪಲ್ಲ.

ಒಂದು ದಿನ ಮಗಳು ಬಾಗಿಲು ಹಾಕಿ ಪಕ್ಕದಲ್ಲಿ ಕೂತಳು. "ಅಪ್ಪಾ, ಸತ್ತರೆ ಒಳ್ಳೇದಿತ್ತು ಅಂತ ಅನಿಸ್ತದಾ? ಹೌದಾದರೆ ನನ್ನ ಕೈ ಒತ್ತಿ" ಅಂದಳು. ಒತ್ತಿದೆ. ಅವಳು ಅತ್ತಳು, ಆದರೆ ಹೆದರಲಿಲ್ಲ. ಒಬ್ಬರಿಗೆ ಗೊತ್ತಾಯಿತಲ್ಲ ಅಂತ ಎಷ್ಟೋ ತಿಂಗಳ ನಂತರ ಎದೆ ಹಗುರಾಯಿತು. ಮರುದಿನವೇ ಡಾಕ್ಟರಲ್ಲಿಗೆ ಹೋದೆವು.

ಮಾತು ಕಲಿಸುವ ಥೆರಪಿಯವರು ಒಂದು ದಿನ ಪದ್ಯ ಹಾಡಿಸಿ ನೋಡಿದರು. ಮಾತು ಬಾರದ ಬಾಯಲ್ಲಿ ಪದ್ಯ ಬಂತು. ಎರಡು ಸಾಲು, ಶಬ್ದ ಸಮೇತ. ಹಾಡು ಮೆದುಳಿನ ಬೇರೆ ದಾರಿಯಲ್ಲಿ ಬರುತ್ತದಂತೆ. ಆಮೇಲೆ "ಕಾಫಿ ಬೇಕು" ಅನ್ನುವುದನ್ನೂ ರಾಗದಲ್ಲೇ ಹೇಳಲು ಕಲಿತೆ. ಈಗ ಸಣ್ಣ ಸಣ್ಣ ವಾಕ್ಯ ಆಡುತ್ತೇನೆ. ಕರ್ಣ ಇನ್ನು ಇಲ್ಲ. ಅದು ಈಗಲೂ ನೋವು. ಆದರೆ ಕೂಟಕ್ಕೆ ಹೋಗಿ ಮುಂದೆ ಕೂತು ಕೇಳುತ್ತೇನೆ.

ತೋಟದಮನೆಯವರೇ, ನಿಮ್ಮ ತಂದೆಯವರ ಹತ್ತಿರ ಮೊದಲು ಕ್ಷಮೆ ಕೇಳಿ. ಉದಾಸೀನ ಅಂದದ್ದಕ್ಕೆ. ಅವರು ಉತ್ತರ ಕೊಡದಿದ್ದರೂ ಕೇಳಿಸಿರುತ್ತದೆ.

ಸೀತಾಂಗೋಳಿ ಅಕ್ಕ
ಮಂಗಳವಾರ, ರಾತ್ರಿ 8:58

ಮಾಷ್ಟ್ರೇ, ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಪ್ಯಾಲಿಯೇಟಿವ್ ಸ್ವಯಂಸೇವಕಿ
ಬುಧವಾರ, ಬೆಳಿಗ್ಗೆ 11:15

ಎಲ್ಲಿಗೆ ಹೋಗುವುದು ಅಂತ ಕೇಳಿದ್ದರಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ.

ಮನೆಗೆ ಬಂದು ನೋಡುವ ವ್ಯವಸ್ಥೆ ನಮ್ಮ ಕೇರಳದಲ್ಲಿ ಗಟ್ಟಿಯಾಗಿ ಉಂಟು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಕೆಲಸ ಇದು, 2008ರಲ್ಲಿ ಸರಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ಈಗ ಪಂಚಾಯತಿನ ಲೆಕ್ಕದಲ್ಲೇ ಸಿಸ್ಟರ್ ಬರುತ್ತಾರೆ. ಕ್ಯಾನ್ಸರ್ ಮಾತ್ರ ಅಲ್ಲ, ಸ್ಟ್ರೋಕ್ ಆದವರೂ ಪಟ್ಟಿಯಲ್ಲಿ ತುಂಬಾ ಇದ್ದಾರೆ. ಸಿಸ್ಟರ್ ಬಂದಾಗ ನೀವೇ ಜಗಲಿಗೆ ಕರೆದು ಹೇಳಬೇಕು. ಅವರ ಕೈಯಲ್ಲಿ ಆ ದಿನ ಹತ್ತಾರು ಮನೆ ಇರುತ್ತದೆ. ಕೇಳದಿದ್ದರೆ ಬಿ.ಪಿ., ಗಾಯ, ಟ್ಯೂಬ್ ಇಷ್ಟರಲ್ಲೇ ಹೊತ್ತು ಮುಗಿಯುತ್ತದೆ.

ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗಾಗಿಯೇ "ಆಶ್ವಾಸಂ" ಅಂತ ಒಂದು ಕ್ಲಿನಿಕ್ ಉಂಟು. ಒಂಬತ್ತು ಪ್ರಶ್ನೆ ಕೇಳಿ ಅಂಕ ಹಾಕುತ್ತಾರೆ, ಪಿ.ಎಚ್.ಕ್ಯೂ.-9 ಅಂತ ಅದರ ಹೆಸರು. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವಾ, ನಿದ್ರೆ ಹೇಗೆ, ಹಸಿವು ಹೇಗೆ, ತನ್ನಿಂದ ಮನೆಯವರಿಗೆ ತೊಂದರೆ ಅಂತ ಅನಿಸುತ್ತದಾ, ಇಂಥವು. "ಆಶ್ವಾಸಕಿರಣಂ" ಅನ್ನುವುದು ಬೇರೆ, ಅದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಸಿಗುವ ಸಹಾಯಧನ. ಹೆಸರು ಹತ್ತಿರ ಹತ್ತಿರ ಇರುವುದರಿಂದ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಈಗ ಭಾಷೆಯ ಮಾತು. ನಮ್ಮ ಮಂಜೇಶ್ವರ, ಕಾಸರಗೋಡು ತಾಲೂಕಿನ ಹಿರಿಯರಿಗೆ ಮಲಯಾಳದಲ್ಲಿ ಬೆಲೆ ಕೇಳಲು ಬರುತ್ತದೆ, ಬಸ್ಸಿನ ಹೆಸರು ಓದಲು ಬರುತ್ತದೆ. ಎದೆಯೊಳಗಿನದ್ದು ಹೇಳಲು ಬರುತ್ತದಾ? ಪ್ರಶ್ನೆಪಟ್ಟಿಯ ಕನ್ನಡ ರೂಪ ಉಂಟು. ಕೇಳಿ ತೆಗೆಸಿಕೊಳ್ಳಿ. ಮನೆಯವರು ಅನುವಾದ ಮಾಡುವಾಗ ಎಚ್ಚರ, ನಾವು ಗೊತ್ತಿಲ್ಲದೆ ಉತ್ತರವನ್ನು ಮೆತ್ತಗೆ ಮಾಡುತ್ತೇವೆ. ಅಪ್ಪ "ಬದುಕಿ ಎಂತ ಪ್ರಯೋಜನ" ಅಂದರೆ ಮಗ "ಸ್ವಲ್ಪ ಬೇಸರ ಉಂಟಂತೆ" ಅಂತ ಹೇಳುತ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ.

ರಾತ್ರಿ ಹೊತ್ತಿನಲ್ಲಿ ಹೆದರಿಕೆ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್, 2022ರಿಂದ ಉಂಟು, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಸಾಯುವ ಮಾತು ಬಂದಿದ್ದರೆ ಕಳೆನಾಶಕ, ತೋಟಕ್ಕೆ ಬಿಡುವ ಮದ್ದು ಎಲ್ಲ ಬೀಗದೊಳಗೆ ಇರಲಿ. ಮಾತ್ರೆಯ ಡಬ್ಬಿ ನಿಮ್ಮ ಕೈಯಲ್ಲಿರಲಿ. ಒಬ್ಬರನ್ನೇ ಬಿಡಬೇಡಿ.

ತೋಟದಮನೆ (ಬದಿಯಡ್ಕ ಹತ್ತಿರ)
ಮರು ಸೋಮವಾರ, ರಾತ್ರಿ 9:50

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಗೊತ್ತಿಲ್ಲ. ಆದದ್ದನ್ನು ಹೇಳುತ್ತೇನೆ.

ಮಾಷ್ಟ್ರು ಹೇಳಿದ ಹಾಗೆ ಬುಧವಾರ ರಾತ್ರಿ ಅಪ್ಪನ ಮಂಚದ ಹತ್ತಿರ ಕೆಳಗೆ ಕೂತು ಕ್ಷಮೆ ಕೇಳಿದೆ. ಅಪ್ಪ ಗೋಡೆ ಕಡೆಗೇ ಇದ್ದರು. ಸುಮಾರು ಹೊತ್ತು ಕಳೆದ ಮೇಲೆ ಎಡಗೈ ಹಿಂದೆ ಚಾಚಿ ನನ್ನ ತಲೆ ಮುಟ್ಟಿದರು. ಅಷ್ಟೇ.

ಶುಕ್ರವಾರ ಸಿಸ್ಟರ್ ಬಂದರು. ಮೊದಲೇ ಫೋನ್ ಮಾಡಿ ಎಲ್ಲ ಹೇಳಿದ್ದೆ. ಈ ಸಲ ಕನ್ನಡ ಬರುವ ಆಶಾ ಕಾರ್ಯಕರ್ತೆ ಅಕ್ಕನನ್ನು ಕರೆದುಕೊಂಡು ಬಂದಿದ್ದರು. ನನ್ನನ್ನು ಹೊರಗೆ ಕಳಿಸಿದರು. ಸಿಸ್ಟರ್ ಯಾವಾಗಿನಂತೆ "ಸುಖಮಾಣೋ?" ಅಂತ ಕೇಳಿದರು, ಬಾಗಿಲ ಹೊರಗಿದ್ದ ನನಗೆ ಕೇಳಿಸಿತು. ಅಪ್ಪ ಸ್ವಲ್ಪ ತಡೆದು "ಸುಖಂ ಇಲ್ಲ" ಅಂದರು. ಒಂದು ಶಬ್ದ ಅವರ ಭಾಷೆ, ಒಂದು ಶಬ್ದ ಎರಡು ಭಾಷೆಯದ್ದೂ. ಸಿಸ್ಟರ್ ಚೀಲ ಕೆಳಗಿಟ್ಟು ಕೂತರು. ಮುಕ್ಕಾಲು ಗಂಟೆ ಒಳಗಿದ್ದರು.

ಅಂಕ ಜಾಸ್ತಿಯೇ ಬಂತು. ಇವತ್ತು ಡಾಕ್ಟರಿಗೆ ತೋರಿಸಿದೆವು. ರಕ್ತ ಪರೀಕ್ಷೆ ಆಯಿತು, ಮಾತ್ರೆ ಶುರುವಾಯಿತು. ಮೈಲುತುತ್ತಿನ ಕೋಣೆಗೆ ಬೀಗ ಹಾಕಿದ್ದೇನೆ.

ಸೀತಾಂಗೋಳಿ ಅಕ್ಕ
ಮರು ಸೋಮವಾರ, ರಾತ್ರಿ 10:20

ಒಳ್ಳೇದಾಯಿತು ತಮ್ಮಾ. ಈಗ ನಾನು ನಿನ್ನ ಅಮ್ಮನ ಬಗ್ಗೆ ಕೇಳುತ್ತೇನೆ. ಅಷ್ಟು ಉದ್ದ ಬರೆದೆ, ಅಮ್ಮ ಬಂದದ್ದು ಕಾಫಿ ಇಡುವಾಗ ಮಾತ್ರ. ಅವರು ಎಷ್ಟು ಹೊತ್ತಿಗೆ ಮಲಗುತ್ತಾರೆ? ಏಳು ತಿಂಗಳಲ್ಲಿ ಒಮ್ಮೆಯಾದರೂ ತವರಿಗೆ ಹೋಗಿದ್ದಾರಾ?

ನಮ್ಮ ಅತ್ತೆ ಮೂರು ತಿಂಗಳಲ್ಲಿ ಎದ್ದು ಕೂತರು. ಆಗ ಬಿದ್ದದ್ದು ನಾನು. ಅನ್ನ ಬಡಿಸುತ್ತಾ ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದೆ, ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ನೋಡಿಕೊಳ್ಳುವವರಿಗೂ ಇದೇ ಕಾಯಿಲೆ ಬರುತ್ತದೆ. ಯಾರೂ ಕೇಳುವುದಿಲ್ಲ, ಯಾಕೆಂದರೆ ನಾವು ನಡೆಯುತ್ತಾ ಇರುತ್ತೇವೆ. ಅಮ್ಮನಿಗೂ ಆ ಒಂಬತ್ತು ಪ್ರಶ್ನೆ ಕೇಳಿಸು. ವಾರಕ್ಕೆ ಒಂದು ಮಧ್ಯಾಹ್ನವಾದರೂ ಅವರನ್ನು ಮನೆಯಿಂದ ಹೊರಗೆ ಕಳಿಸು.

ತೋಟದಮನೆ (ಬದಿಯಡ್ಕ ಹತ್ತಿರ)
ಎರಡು ವಾರದ ನಂತರ

ಅಕ್ಕ, ನೀವು ಕೇಳಿದ್ದು ಒಳ್ಳೆಯದಾಯಿತು. ಅಮ್ಮ ರಾತ್ರಿ ನಾಲ್ಕು ಸಲ ಏಳುತ್ತಿದ್ದಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಈಗ ನಾನೂ ನನ್ನ ಹೆಂಡತಿಯೂ ರಾತ್ರಿ ಪಾಳಿ ಮಾಡಿಕೊಂಡಿದ್ದೇವೆ.

ಅಪ್ಪನಿಗೆ ಹತ್ತು ದಿನದಿಂದ ಹೊಟ್ಟೆ ತೊಳಸಿದ ಹಾಗೆ ಆಗುತ್ತದೆ. ಮನಸ್ಸಿನಲ್ಲಿ ಬದಲಾವಣೆ ಏನೂ ಕಾಣುವುದಿಲ್ಲ. ಚಿಕ್ಕಪ್ಪ ಮಾತ್ರೆ ನಿಲ್ಲಿಸಿ ಅಂತಾರೆ. ನಿಲ್ಲಿಸುವುದಾ?

ಮನೋವೈದ್ಯ (ಮೂಲ ಮುಳ್ಳೇರಿಯ)
ಅದೇ ದಿನ, ಸಂಜೆ 6:10

ನೀವಾಗಿ ನಿಲ್ಲಿಸಬೇಡಿ. ಮೊದಲ ಎರಡು ವಾರ ಹೊಟ್ಟೆ ತೊಳಸುವುದು ಸಾಮಾನ್ಯ, ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ. ಊಟದ ಜೊತೆ ಕೊಡಬಹುದಾ ಅಂತ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಗಲಿಬಿಲಿ, ತುಂಬಾ ಮಂಪರು, ಕಪ್ಪು ಮಲ, ವಸಡಲ್ಲಿ ರಕ್ತ ಕಂಡರೆ ಕಾಯಬೇಡಿ, ಕೂಡಲೇ ತೋರಿಸಿ. ತೊಂದರೆ ಮೊದಲ ವಾರದಲ್ಲಿ ಬರುತ್ತದೆ, ಗುಣ ನಾಲ್ಕನೇ ವಾರದಲ್ಲಿ ಬರುತ್ತದೆ. ನಡುವಿನ ಈ ದಿನಗಳಲ್ಲೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ನೀರ್ಚಾಲು 72
ಅದೇ ದಿನ, ರಾತ್ರಿ 8:00

ತೋಟದಮನೆಯವರೇ, ನಿಲ್ಲಿಸಬೇಡಿ. ಮೊದಲ ದಿನ ನಾನು ಬರೆದದ್ದು ಅರ್ಧ ಮಾತ್ರ. ನನ್ನ ತಂದೆ ಎದ್ದು ಓಡಾಡಿದ್ದು ನಿಜ. ಆದರೆ ಆಮೇಲೆ ಇದ್ದ ಮೂರು ವರ್ಷ ಅವರು ನಕ್ಕದ್ದು ನನಗೆ ನೆನಪಿಲ್ಲ. ಇಲ್ಲಿ ಬರೆದದ್ದೆಲ್ಲ ಓದುವಾಗ ಅದೇ ನೆನಪಾಗುತ್ತಾ ಇತ್ತು. ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕುಂಬಳೆ ಮಾಷ್ಟ್ರು
ಅದೇ ದಿನ, ರಾತ್ರಿ 8:45

ತೋಟದಮನೆಯವರೇ, ಅಡ್ಡಿ ಇಲ್ಲದಿದ್ದರೆ ನಾನೊಮ್ಮೆ ನಿಮ್ಮ ಮನೆಗೆ ಬರಬಹುದಾ? ಉಪದೇಶಕ್ಕೆ ಅಲ್ಲ. ಸುಮ್ನೆ ಕೂರಲು.

ತೋಟದಮನೆ (ಬದಿಯಡ್ಕ ಹತ್ತಿರ)
ಏಳನೇ ವಾರ, ಆದಿತ್ಯವಾರ ರಾತ್ರಿ 9:30

ಇವತ್ತು ಮಾಷ್ಟ್ರು ಮೂರನೇ ಸಲ ಬಂದಿದ್ದರು. ಅವರು ಒಪ್ಪಿದ್ದರಿಂದ ಇಲ್ಲಿ ಬರೆಯುತ್ತೇನೆ.

ಮೊದಲ ಸಲ ಇಬ್ಬರೂ ಜಗಲಿಯಲ್ಲಿ ಒಂದು ಗಂಟೆ ಕೂತರು, ಒಟ್ಟು ಆರೇಳು ಮಾತು ಆಡಿರಬಹುದು. ಹೊರಗೆ ಜೋರು ಮಳೆ. ಅಪ್ಪ ಎದ್ದು ಒಳಗೆ ಹೋಗುತ್ತಾರೆ ಅಂದುಕೊಂಡಿದ್ದೆ, ಹೋಗಲಿಲ್ಲ. ಎರಡನೇ ಸಲ ಮಾಷ್ಟ್ರು ಎಲೆಯಡಿಕೆ ತಟ್ಟೆ ಕೇಳಿದರು. ಏಳು ತಿಂಗಳಿಂದ ಅಟ್ಟದಲ್ಲಿತ್ತು. ಇಬ್ಬರೂ ಜಗಿಯಲಿಲ್ಲ, ನುಂಗುವುದು ಇಬ್ಬರಿಗೂ ಕಷ್ಟ. ಆದರೆ ಅಪ್ಪ ತಟ್ಟೆಯನ್ನು ಮಡಿಲಲ್ಲಿಟ್ಟು ಎಡಗೈಯಿಂದ ಅಡಿಕೆ ಹೋಳು ಒಂದೊಂದೇ ಎತ್ತಿ ನೋಡಿದರು. ಬಲಗೈಯನ್ನು ತಟ್ಟೆಯ ಅಂಚಿಗೆ ತಾವೇ ಎತ್ತಿ ಇಟ್ಟರು, ತಟ್ಟೆ ಜಾರದ ಹಾಗೆ. ಫಿಸಿಯೋದವರು ಮೂರು ತಿಂಗಳಿಂದ ಮಾಡಿಸಲು ನೋಡಿದ್ದು ಅದನ್ನೇ.

ಇವತ್ತು ಮಾಷ್ಟ್ರು "ಹೇಗೆ ಉಂಟು?" ಅಂತ ರಾಗದಲ್ಲಿ ಕೇಳಿದರು. ಅಪ್ಪ "ಬೆಳಿಗ್ಗೆ ಕಷ್ಟ. ಸಂಜೆ ಅಡ್ಡಿಯಿಲ್ಲ" ಅಂದರು. ನಿದ್ರೆ ಐದರ ತನಕ ಬರುತ್ತಾ ಉಂಟು. ಕಾಫಿ ಕುಡಿಯುತ್ತಾರೆ, ಕೆಲವು ದಿನ ಪೂರ್ತಿ, ಕೆಲವು ದಿನ ಅರ್ಧ. ಪೇಪರ್ ಇನ್ನೂ ಮುಟ್ಟುವುದಿಲ್ಲ. ಮೊನ್ನೆ ಎರಡು ದಿನ ಮತ್ತೆ ಗೋಡೆ ಕಡೆಗೇ ಇದ್ದರು, ನನಗೆ ಕೈಕಾಲು ತಣ್ಣಗಾಗಿತ್ತು. ಡಾಕ್ಟರು ಇಂಥ ದಿನಗಳು ಬರುತ್ತವೆ, ವಾರವನ್ನು ನೋಡಿ, ದಿನವನ್ನು ನೋಡಬೇಡಿ ಅಂದರು. ಮುಂದಿನ ತಪಾಸಣೆ 18ಕ್ಕೆ.

ಅಮ್ಮ ಗುರುವಾರ ತವರಿಗೆ ಹೋಗಿ ಶುಕ್ರವಾರ ಬಂದರು. ಅಕ್ಕ, ನಿಮಗೆ ಹೇಳಲು ಹೇಳಿದ್ದಾರೆ.

ಕುಂಬಳೆ ಮಾಷ್ಟ್ರು
ಅದೇ ದಿನ, ರಾತ್ರಿ 10:05

ಮುಂದಿನ ಆದಿತ್ಯವಾರವೂ ಬರುತ್ತೇನೆ. ಎರಡು ಗಂಟೆಯ ಬಸ್ಸು. ಗೇಟಿನ ಹತ್ತಿರದ ಮೆಟ್ಟಿಲು ಮಳೆಗೆ ಜಾರುತ್ತದೆ, ಒಂದು ಗೋಣಿ ಹಾಕಿಡಿ. ಸಾಧ್ಯ ಆದರೆ ನಿಮ್ಮ ತಂದೆಯವರನ್ನು ಗೇಟಿನ ತನಕ ಬರಲು ಹೇಳಿ. ನಾನು ಅಲ್ಲಿ ಕಾಯುತ್ತೇನೆ. ಇಬ್ಬರೂ ಒಟ್ಟಿಗೆ ಮೇಲೆ ಬರುತ್ತೇವೆ.